ಹನ್ನೊಂದು ಜನ, ಎರಡು ರಾತ್ರಿ

"ಎಷ್ಟು ಜನ?" ಅಂದಳು
ಕುಶಾಲನಗರದ ರಿಸಾರ್ಟಿನ ಹುಡುಗಿ.
ಬೆರಳು ಮಡಚಿದೆ: ನಾವು ನಾಲ್ವರು, ಅತ್ತೆ,
ದೇಚಕ್ಕನ ಕಡೆಯ ಐವರು,
ಮೊಣ್ಣಪ್ಪ ಮಾವ.
(ಗೊರಕೆಗೆ ಬೇರೆ ದರ ಉಂಟೋ ಏನೋ.)

"ರೂಮಿಗೆ ನಾಲ್ವರೇ, ಮೇಡಂ.
ಮೇಲೆ ಬಂದವರ ಹಾಸಿಗೆಗೆ ಎಂಟುನೂರು."

ಇದೇ ಮಾತು, ಇದೇ ದನಿ ನನ್ನದೂ,
ನಾಪೋಕ್ಲಿನ ನಮ್ಮ ಮನೆ ಕೇಳಿ
ಫೋನು ಮಾಡುವವರಿಗೆ.
ಡಿಸೆಂಬರಿನಲ್ಲಿ ಹೋಂಸ್ಟೇ ಭರ್ತಿ;
ಈ ಸಲ ನಾವು ಮಲಗುವ ಕೋಣೆಯನ್ನೂ ಕೊಟ್ಟುಬಿಟ್ಟೆ.

ಮಕ್ಕಳಿಗೇನು, ನೀರಿನ ಜಾರುಬಂಡೆ ಸಾಕು.
ಅತ್ತೆ ತಲೆದಿಂಬನ್ನು ಚೀಲಕ್ಕೆ ತುರುಕುತ್ತ
ಮತ್ತೆ ಕೇಳಿದರು:
"ನನ್ನ ಮಂಚದಲ್ಲಿ ಯಾರಂತೆ?"

"ಎರಡು ರೂಮು, ಮೂರು ಹಾಸಿಗೆ," ಅಂದೆ ಫೋನಿಗೆ,
"ನಡುವೆ ಬಾಗಿಲು ಇರಲಿ."

"ಬಾಗಿಲುಂಟು, ಮೇಡಂ.
ಕೀಲಿ ನಮ್ಮ ಹತ್ತಿರವೇ ಇರುತ್ತದೆ."