ಊದಬೇಡ

ಸೋಮವಾರ ಅಂಗಡಿಗೆ ರಜೆ.
ಅದು ನಮಗಲ್ಲ, ಬೂದಿಗೆ; ತಣ್ಣಗಾಗಲು.
ಮಂಗಳವಾರ ಬೆಳಗಿನ ಐದೂವರೆಗೆ
ಶಟರನ್ನು ಅರ್ಧ ಎತ್ತಿ, ಬಗ್ಗಿ, ಒಳಗೆ ಬರುತ್ತೇನೆ.
ಆದಾನಾ ಇನ್ನೂ ಎದ್ದಿಲ್ಲ.
ಸೆಯ್ಹಾನ್ ನದಿಯ ಕಡೆಯ ಗಾಳಿ ಮಾತ್ರ
ಕರೆಯದೆ ಬರುವ ನೆಂಟನ ಹಾಗೆ
ನನ್ನ ಹಿಂದೆಯೇ ನುಸುಳಲು ನೋಡುತ್ತದೆ.
ಶಟರ್ ಇಳಿಸುತ್ತೇನೆ. ಕಾಯಲಿ, ಹೊರಗೆ.

ಫ್ಯಾನ್ ಆರಿದೆಯೇ? ಆರಿದೆ.
ಇನ್ನೊಮ್ಮೆ ನೋಡುತ್ತೇನೆ. ಆರಿದೆ.
ಮಾಸ್ಕಿನ ತಂತಿಯನ್ನು ಮೂಗಿಗೆ ಒತ್ತಿ
ಒಂದು ಉಸಿರು ಎಳೆದು, ಅಂಚಿನಲ್ಲಿ ಸೋರುವುದಿಲ್ಲವೆಂದು ತಿಳಿದ ಮೇಲೆ
ತಲೆಗೆ ಬಟ್ಟೆ, ಮೊಣಕೈವರೆಗೆ ಕೈಚೀಲ.
ತಾಮ್ರದ ಚಿಮಣಿಯ ಕೆಳಗೆ
ಮಂಚದಷ್ಟು ಉದ್ದದ ಒಲೆ.
ಅದರಲ್ಲಿ ಶನಿವಾರ, ಭಾನುವಾರದ ಓಕ್ ಮರಗಳು
ಬೆಳ್ಳಗೆ ಮಲಗಿವೆ.

ಅಂಗೈ ಚಾಚಿ ನೋಡಿದರೆ ಬಿಸಿಯಿಲ್ಲ.
ಆದರೂ ನಂಬುವುದಿಲ್ಲ.
ಬೂದಿ ಮುಚ್ಚಿದ ಕೆಂಡಕ್ಕೆ ವಾರದ ಲೆಕ್ಕ ಗೊತ್ತಿಲ್ಲ.
ಸರಳಿನಿಂದ ಮೆಲ್ಲಗೆ ಬಗೆದು
ಹೊಟ್ಟೆಯಲ್ಲಿ ಕೆಂಪು ಅಡಗಿಲ್ಲವೆಂದು ಕಂಡ ಮೇಲೇ
ನೀರು.

ಸುರಿಯುವುದಲ್ಲ. ಸುರಿದರೆ ಎದ್ದು ಮುಖಕ್ಕೇ ಬರುತ್ತದೆ.
ಇಸ್ತ್ರಿಯವನು ಅಂಗಿಗೆ ಚಿಮುಕಿಸುವಷ್ಟು,
ಗಾಜು ಒರೆಸುವ ಹಳೆಯ ನೀಲಿ ಬಾಟಲಿಯಿಂದ,
ಒಂದು ಮೂಲೆ, ಆಮೇಲೆ ಇನ್ನೊಂದು.
ಬೂದಿ ಮೊದಲು ಬೆಚ್ಚಿದಂತೆ ಕುಗ್ಗುತ್ತದೆ,
ಆಮೇಲೆ ಹಸಿ ಸಿಮೆಂಟಿನ ಬಣ್ಣಕ್ಕೆ ತಿರುಗಿ
ಹೇಳಿದ ಮಾತು ಕೇಳುತ್ತದೆ.

ಗುಡಿಸಬಾರದು. ಎತ್ತಬೇಕು.
ತಗಡಿನ ಡಬ್ಬಿಯನ್ನು ಒಲೆಯ ಬಾಯಿಗೇ ತಂದು
ಸಲಿಕೆಯನ್ನು ತಳದವರೆಗೆ ಇಳಿಸಿ, ಅಲ್ಲಿ ಮಗುಚಬೇಕು,
ತೊಟ್ಟಿಲಲ್ಲಿ ಮಗು ಮಲಗಿಸಿ ಕೈ ಬಿಡಿಸಿಕೊಳ್ಳುವ ಹಾಗೆ.
ಮುಚ್ಚಳ. ಮತ್ತೆ ಸಲಿಕೆ. ಮತ್ತೆ ಮುಚ್ಚಳ.
ಕೊನೆಗೆ ಒದ್ದೆ ಬಟ್ಟೆ, ಅಂಚುಗಳಿಗೆ, ನನ್ನ ಚಪ್ಪಲಿಗೂ.

ಮೊದಲ ವಾರ ಬೆದ್ರಿ ಮನೆಯಿಂದ
ಅಮ್ಮನ ವ್ಯಾಕ್ಯೂಮ್ ಹೊತ್ತು ತಂದಿದ್ದ.
ಮೂತಿಯಿಂದ ನುಂಗಿದ್ದನ್ನೆಲ್ಲ ಅದು ಬೆನ್ನಿನಿಂದ ಉಗುಳಿತು.
ನಲವತ್ತು ಲೋಟ, ಉಪ್ಪಿನ ಡಬ್ಬಿಗಳು,
ಗೋಡೆಯ ಮೇಲಿನ ಮಾಲೀಕನ ಅಪ್ಪನ ಮೀಸೆ,
ಎಲ್ಲ ಒಂದೇ ಮಧ್ಯಾಹ್ನ ಮುದಿಯಾದವು.

ಇದ್ದಿಲಿನ ಚೀಲಕ್ಕೂ ಒಂದು ಮರ್ಯಾದೆಯಿದೆ.
ಮೂಲೆ ಕತ್ತರಿಸಿ ವಾಲಿಸಬೇಕು, ಬೋರಲು ಹಾಕಬಾರದು.
ತುಂಡುಗಳು ಒಂದಕ್ಕೊಂದು ತಾಗಿ
ಗಾಜಿನ ಬಳೆಯಂತೆ ಸದ್ದು ಮಾಡಿದರೆ ಒಳ್ಳೆಯ ಇದ್ದಿಲು.
ಚೀಲದ ತಳದ ಕರಿಪುಡಿಯನ್ನು ಕೊಡವಬೇಡ,
ಅಲ್ಲೇ ನೆನೆಸಿ ಮಡಚು.

ಇದೆಲ್ಲ ಝುಲ್ಕುಫ್ ಉಸ್ತಾ ಹೇಳಿಕೊಟ್ಟದ್ದು.
ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ಮೂವತ್ತೆಂಟು ವರ್ಷ ಕೆನ್ನೆ ಉಬ್ಬಿಸಿ ಊದಿದರು,
ಕೆಂಡ ಎಬ್ಬಿಸಲು, ಬೂದಿ ಹಾರಿಸಲು,
ಕಣ್ಣಿಗೆ ಬಿದ್ದಾಗ ಒಬ್ಬರ ಕಣ್ಣಿಗೊಬ್ಬರು.
ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಾಗ
ನೋಡಿ ನಕ್ಕರಂತೆ:
"ಚಿಮಣಿ ತೊಳೆದಿಲ್ಲ, ರುಕಿಯೆ."

ಏಳೂವರೆಗೆ ಬರುತ್ತಾರೆ, ಈಗಲೂ.
ಕಹಿ ಕಿತ್ತಳೆ ಮರದ ಕೆಳಗೆ ಸ್ಟೂಲು.
ನಾನು ಚಹಾ ತಂದಿಡುತ್ತೇನೆ.
ಊದಿ ಆರಿಸುವಷ್ಟು ಗಾಳಿ ಅವರಲ್ಲಿಲ್ಲ;
ಬಸಿಗೆ ಸುರಿದು, ತೊಡೆಯ ಮೇಲೆ ಕೈಯಿಟ್ಟು
ಕಾಯುತ್ತಾರೆ, ಬಸ್ಸಿಗೆ ಕಾದ ಹಾಗೆ.

ಇವತ್ತು ಒಳಗೆ ಬೆದ್ರಿ ಹೊಸ ಇದ್ದಿಲು ಹಚ್ಚುತ್ತಿದ್ದ.
ಬೀಸಣಿಗೆ ಪಕ್ಕದಲ್ಲೇ ಇತ್ತು.
ಹದಿನೇಳರ ಹುಡುಗ, ಎದೆ ತುಂಬ ಗಾಳಿ,
ಬಗ್ಗಿದ, ಕೆನ್ನೆ ಉಬ್ಬಿಸಿದ.
ಉಸ್ತಾ ಸ್ಟೂಲಿನಿಂದ ಅರ್ಧ ಎದ್ದು
"ಊದ" ಎಂದರು.
ಉಳಿದ ಮಾತು ಕೆಮ್ಮಿನೊಳಗೆ ಬಿತ್ತು.
ದೊಡ್ಡ ಕೆಮ್ಮು. ಎದುರಿನ ಕ್ಷೌರದಂಗಡಿಯವನೂ ಬಾಗಿಲಿಗೆ ಬಂದ.

ಬೆದ್ರಿಯ ಕೆನ್ನೆ ನಿಧಾನವಾಗಿ ಇಳಿಯಿತು.
ತಡವರಿಸಿ ಬೀಸಣಿಗೆ ತೆಗೆದುಕೊಂಡ.

ನಾನು ಉಸ್ತಾರ ಬೆನ್ನು ನೀವುತ್ತ ನಿಂತೆ,
ಬೂದಿ ಮೆತ್ತಿದ ಕೈ ಅಂಗಿಗೆ ತಾಗದಂತೆ
ಮೊಣಕೈಯಿಂದ.
"ಆಯಿತು," ಎಂದರು, "ಆಯಿತು, ಹೋಗು."
ಬಸಿಯ ಅಂಚು ಮುಟ್ಟಿ ನೋಡಿದರು.
ಚಹಾ ಕುಡಿಯುವಷ್ಟು ಆರಿತ್ತು.