ಬಿಚ್ಚಿದ್ದು ಎಂಟು

ಗಾಳಿ ಈ ಕಡೆ ಬೀಸಿದರೆ
ಹೂಟಗಳ್ಳಿಯ ಬಸ್‌ಸ್ಟಾಪಿಗೆಲ್ಲ ವೆನಿಲಾ ಘಮ.
ನಿಂತವರು ಮೂಗರಳಿಸಿ ಹಬ್ಬ ಅನ್ನುತ್ತಾರೆ.
ನನಗೆ ಅದು ಓವನ್ನಿನ ಮೂರನೇ ಬರ್ನರು,
ಇನ್ನೂರ ನಲವತ್ತು ಡಿಗ್ರಿ,
ನಿನ್ನೆಗಿಂತ ಒಂದಿಷ್ಟು ಜಾಸ್ತಿ ಕಂದು.

ಗುರುತಿನ ಚೀಟಿಯಲ್ಲಿ ಚಿಕ್ಕತಾಯಮ್ಮ ಎಂ.,
ಅಪ್ರೆಂಟಿಸ್, ಮೆಂಟೆನೆನ್ಸು.
ಒಳಗೆ ಎಲ್ಲರೂ ತಾಯಿ ಅಂತಲೇ ಕರೆಯುತ್ತಾರೆ,
ಮೀಸೆ ಹಣ್ಣಾದವರೂ.
"ತಾಯಿ, ಹದಿಮೂರರ ಸ್ಪ್ಯಾನರ್ ಕೊಡು."
"ತಾಯಿ, ಆ ಚೈನು ಯಾಕೋ ಅಳ್ತಾ ಅದೆ, ನೋಡು."
ಹತ್ತೊಂಬತ್ತಕ್ಕೇ ಇಷ್ಟು ಮಕ್ಕಳು.

ಬಾಗಿಲಲ್ಲಿ ಬಳೆ ತೆಗೆದಿಟ್ಟು, ಓಲೆ ತೆಗೆದಿಟ್ಟು,
ಕೂದಲು ಬಲೆಯೊಳಗೆ.
ಬೆರಳಿಗೆ ಗಾಯವಾದರೆ ನೀಲಿ ಪಟ್ಟಿಯೇ ಬೇಕು,
ನೀಲಿ ಬಣ್ಣದ ತಿಂಡಿ ಯಾರೂ ಮಾಡುವುದಿಲ್ಲವಲ್ಲ,
ಬಿದ್ದರೆ ಕಣ್ಣಿಗೆ ಹೊಡೆಯಬೇಕು.
ಗ್ರೀಸಿಗೂ ಇಲ್ಲಿ ಮಡಿ: ಬಿಳಿ, ವಾಸನೆಯಿಲ್ಲ,
ನೆಕ್ಕಿದರೂ ಸಾಯಲ್ಲ ಅಂತ ಚೌರಪ್ಪ ಮೇಸ್ತ್ರಿ
ಮೊದಲ ದಿನವೇ ನೆಕ್ಕಿ ತೋರಿಸಿದರು.

ಮೂವತ್ತೊಂದು ವರ್ಷಕ್ಕೆ ಅವರ ಪಾಠ ಒಂದೇ:
ಬಿಚ್ಚಿದ್ದೆಷ್ಟು? ಕಟ್ಟಿದ್ದೆಷ್ಟು?
ಐಟಿಐಯಲ್ಲಿ ಎರಡು ವರ್ಷ ಕಬ್ಬಿಣ ಉಜ್ಜಿದವಳಿಗೆ
ಇದೂ ಒಂದು ಪಾಠವೇ? ಒಳಗೊಳಗೇ ನಕ್ಕಿದ್ದೆ.

ಆ ರಾತ್ರಿ, ಎರಡು ಮುಕ್ಕಾಲು.
ಬಿಸ್ಕತ್ತು ತಣಿಯುವ ಬೆಲ್ಟಿನ ಬೇರಿಂಗು ಹಲ್ಲು ಕಡಿಯುತ್ತಿತ್ತು.
ಲೈನು ನಿಂತಿತು.
ಓವನ್ನಿನೊಳಗೆ ಸಾಲುಸಾಲಾಗಿ ಕಪ್ಪಾಗುತ್ತಿದ್ದವು,
ಬೆನ್ನ ಹಿಂದೆ ಶಿಫ್ಟ್ ಇನ್‌ಚಾರ್ಜಿನ ಬೂಟು
ಟಕ ಟಕ, ಟಕ ಟಕ.
ಬೋಲ್ಟು ಬಿಗಿದೆ, ಗಾರ್ಡು ಮುಚ್ಚಿದೆ,
ಕಾಗದದಲ್ಲಿ ಬರೆದೆ: ಬಿಚ್ಚಿದ್ದು ಎಂಟು, ಕಟ್ಟಿದ್ದು ಎಂಟು.
ಎಣಿಸಿ ಬರೆದದ್ದಲ್ಲ.
ಎಂಟು ಬಿಚ್ಚಿದವಳು ಎಂಟೇ ಕಟ್ಟಿರುತ್ತಾಳೆ
ಅಂತ ಬರೆದದ್ದು.

ನಾಲ್ಕಕ್ಕೆ ಕೈ ತೊಳೆಯುವಾಗ, ನೊರೆಯ ನಡುವೆ,
ಬೆರಳುಗಳಿಗೇ ಮೊದಲು ನೆನಪಾಯಿತು:
ಬೋಲ್ಟು ಎಂಟು. ವಾಷರು ಏಳು.

ನಲ್ಲಿ ನಿಲ್ಲಿಸಲೂ ಇಲ್ಲ.
ಇಪ್ಪತ್ತು ಹೆಜ್ಜೆ ದೂರ ಚೌರಪ್ಪನವರ ಕುರ್ಚಿ.
ಆ ಇಪ್ಪತ್ತು ಹೆಜ್ಜೆಯಲ್ಲಿ ಏನೇನು ಯೋಚಿಸಿದೆನೋ
ಅದನ್ನು ಇಲ್ಲಿ ಬರೆಯುವುದಿಲ್ಲ.

"ಮೆಟಲ್ ಡಿಟೆಕ್ಟರು ಹಿಡಿಯುತ್ತಲ್ವಾ ಸಾರ್?"
"ಸ್ಟೇನ್‌ಲೆಸ್ಸು ಕಳ್ಳಬೆಕ್ಕು ಕಣವ್ವ,
ಒಂದೊಂದ್ಸಲ ಸದ್ದಿಲ್ದೆ ದಾಟ್ಬುಡ್ತದೆ."
ಅಷ್ಟೇ ಅಂದು ಎದ್ದು ಹೋಗಿ
ಕೆಂಪು ಗುಂಡಿಯನ್ನು ತಾವೇ ಒತ್ತಿದರು.

ಅಷ್ಟು ದೊಡ್ಡ ಶೆಡ್ಡಿನಲ್ಲಿ
ಯಾರದೋ ಬಿಕ್ಕಳಿಕೆ ಕೇಳಿಸಿತು.

ಸಾವಿರದ ನೂರು ಕಿಲೋ. ಹಳದಿ ಟೇಪು ಸುತ್ತಿ ಮೂಲೆಗೆ,
ಆಮೇಲೆ ಪುಡಿ ಮಾಡಿ ಗುಂಡಿಗೆ.
ದನಕ್ಕೂ ಹಾಕುವಂತಿಲ್ಲ, ದನಕ್ಕೂ ಗಂಟಲಿದೆ.
ಪ್ಯಾಕಿಂಗಿನ ಶಿವಲಿಂಗಮ್ಮ ಸೊಂಟಕ್ಕೆ ಕೈಕೊಟ್ಟು
"ನಮ್ ಇನ್ಸೆಂಟಿವ್ ನುಂಗ್ಬುಟ್ಯಲ್ಲ ತಾಯಿ" ಎಂದಳು.
ಬೆಳಕು ಹರಿಯುವವರೆಗೆ ಟಾರ್ಚು ಹಿಡಿದು
ಹೊಟ್ಟೆಯ ಮೇಲೆ ತೆವಳಿದೆವು. ಸಿಗಲಿಲ್ಲ.

ಭಾನುವಾರ ಅವ್ವ,
ಶಾಲೆಯ ಬಿಸಿಯೂಟಕ್ಕೆ ದಿನಾ ಹನ್ನೆರಡು ಕಿಲೋ ಅಕ್ಕಿ ಆರಿಸುವವಳು,
ನನ್ನ ಪ್ಯಾಂಟನ್ನು ಕಲ್ಲಿಗೆ ಬಡಿಯುತ್ತಿದ್ದವಳು ನಿಂತಳು.
ಗಂಡಸರ ಅಳತೆಯದೆಂದು ನಾನೇ ಮಡಿಚಿ ಹೊಲಿದಿದ್ದ ಅಂಚಿನಿಂದ
ಏನನ್ನೋ ಉಗುರಲ್ಲಿ ಎತ್ತಿ
"ಇದೇನವ್ವ, ಗೊಂಬೆ ಕಾಲುಂಗುರ ಇದ್ದಂಗದೆ?"

ಒಂದು ಕಡೆ ಸೀಳು ಬಿಟ್ಟ ಪುಟ್ಟ ಬಳೆ. ಹೊಳೆಯುತ್ತಿತ್ತು.
ಚರಂಡಿ ಎರಡು ಮಾರು ದೂರದಲ್ಲಿತ್ತು.

ಸೋಮವಾರ ಚೌರಪ್ಪನವರ ಅಂಗೈಯಲ್ಲಿಟ್ಟೆ.
ಕನ್ನಡಕ ಹಣೆಗೇರಿಸಿ, ತಿರುಗಿಸಿ ನೋಡಿ,
ರಿಜಿಸ್ಟರಿನಲ್ಲಿ ಅದೇ ಸಾಲಿನ ಪಕ್ಕ
ಸಿಕ್ಕಿತು ಎಂದು ಬರೆದು ನನ್ನ ಕಡೆ ಸರಿಸಿದರು.
"ಸೈನ್ ಹಾಕು. ಇವತ್ತಿನ ತಾರೀಖು. ಅವತ್ತಿನದಲ್ಲ."
ಬೈಯುತ್ತಾರೆಂದು ಕಾದೆ.
ಟೀಗೆ ಹೊರಟರು.

ಮೊನ್ನೆ ಇಲವಾಲದ ಬಸ್ಸಿನಲ್ಲಿ ಎದುರು ಸೀಟಿನ ಹುಡುಗಿ
ನಮ್ಮದೇ ಪ್ಯಾಕೆಟ್ಟು ಹರಿದಳು.
ಕಿಟಕಿಯಾಚೆ ನೋಡುವವಳಂತೆ ಕೂತು
ಅವಳ ಹಲ್ಲಿನ ಸದ್ದನ್ನೇ ಆಲಿಸುತ್ತಿದ್ದೆ.
ಒಂದು. ಎರಡು.
ಪ್ಯಾಕೆಟ್ಟಿಗೆ ಹದಿನಾಲ್ಕು ಇರುತ್ತವೆ.
ನನ್ನ ಸ್ಟಾಪು ದಾಟಿ ಹೋಯಿತು.