ಎರಮುವಿನ ಹಾರನ್ನು

ಚೆಟ್ಟಳ್ಳಿ ಏರಿನಲ್ಲಿ ದಿನಾ ನಮ್ಮದು ಜಗಳವೇ.
ಅವನ ಸೈಕಲ್ಲಿಗೆ ಮೀನಿನ ಡಬ್ಬ, ರಬ್ಬರ್ ಹಾರನ್ನು.
ನನ್ನ ಪಿಕಪ್ಪಿನಲ್ಲಿ ಮೂವತ್ತು ಚೀಲ ಚೆರ್ರಿ,
ಸೆಕೆಂಡ್ ಗೇರು, ಹಿಂದೆ ಹೊಗೆ, ಒಳಗೆ ಸಿಟ್ಟು.

ದಾರಿ ಬಿಡೋ ಅಂದರೆ
‘ಎಲ್ಲಿದೆ ದಾರಿ, ತೋರಿಸು, ಬಿಡ್ತೇನೆ’ ಅನ್ನುತ್ತಾನೆ ಎರಮು,
ಇಳಿಯದೆ, ತುಳಿಯುತ್ತಲೇ.

ಒಮ್ಮೆ ಕೆಸರು ಹಾರಿಸಿದ್ದೆ. ಬೇಕಂತಲೇ.
ಕನ್ನಡಿಯಲ್ಲಿ ನೋಡಿದೆ: ಬೈಯಲಿಲ್ಲ.
ಲುಂಗಿಯ ತುದಿಯಿಂದ
ಮೊದಲು ಡಬ್ಬ ಒರೆಸಿದ, ಆಮೇಲೆ ಮುಖ.

ಇವತ್ತು ಇಳಿಜಾರಿನಲ್ಲಿ ಮಂಜು.
ಬಾನೆಟ್ಟಿನಾಚೆ ಲೋಕವೇ ಇಲ್ಲ.
ಮುಂದೆಲ್ಲೋ ಪೋಂ, ಪೋಂ.
ತಿರುವು ಬಂದರೆ ಎರಡು ಸಲ,
ನೇರ ದಾರಿಗೆ ಒಂದೇ.
ಅವನ ಮಾಮೂಲಿ ಲೆಕ್ಕವೋ, ನನಗಾಗಿಯೋ,
ಕೇಳುವ ಹೊತ್ತಲ್ಲ ಅದು.
ಹಾರನ್ನಿಗೆ ಕೈಯಿಡದೆ
ಆ ಸದ್ದಿನ ಹಿಂದೆಯೇ ಇಳಿದೆ.

ಕೆಳಗೆ ಬಸ್ ಸ್ಟಾಪಿನ ಹತ್ತಿರ
ಒಂದು ಕಾಲೂರಿ ನಿಂತು
ಎಡಗೈ ಬೀಸಿದ: ಹೋಗು.
ಹೋಗಬಹುದಿತ್ತು.

ಮನೆಯಲ್ಲಿ ನಿನ್ನೆಯ ಸಾರೇ ಉಳಿದಿತ್ತು,
ಆದರೂ ಗಾಜು ಇಳಿಸಿ
ಅರ್ಧ ಕಿಲೋ ಮತ್ತಿ ಕೇಳಿದೆ.
ಐನೂರರ ನೋಟಿಗೆ ಚಿಲ್ಲರೆಯಿಲ್ಲ ಅವನಲ್ಲಿ.
‘ನಾಳೆ ಕೊಡು’ ಅಂದ.

ನಾಳೆ ಅದೇ ಏರಿನಲ್ಲಿ
ಅಡ್ಡ ಸಿಗುತ್ತಾನೆ, ಗೊತ್ತು.